ಹೂ ಬಿಡದ ಬಳ್ಳಿಗೆ ಕತ್ತರಿ ಹಾಕೋದು ಯಾವಾಗ?

ನಿಮ್ಮ ಮನೆಯ ಮಲ್ಲಿಗೆ ಬಳ್ಳಿ ಟೆರೇಸ್‌ವರೆಗೂ ಹಬ್ಬಿದೆ. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿವೆ. ಆದರೆ ಯುಗಾದಿ ಬಂದರೂ ಮೊಗ್ಗಿನ ಸುಳಿವಿಲ್ಲ! ಪಕ್ಕದ ಮನೆಯವರ ಕುಂಡದಲ್ಲಿರೋ ಪುಟ್ಟ ಗಿಡದಲ್ಲಿ ಮಾತ್ರ ದಿನಾ ಒಂದು ಬೊಗಸೆ ಮೊಗ್ಗು. ಹೊಟ್ಟೆ ಉರಿಯಲ್ವೇ ಹೇಳಿ?

ನನಗಂತೂ ಉರಿದಿತ್ತು. ಕೊಳ್ಳೇಗಾಲದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಒಂದು ದುಂಡು ಮಲ್ಲಿಗೆ ಬಳ್ಳಿ ಇದೆ. ನಮ್ಮ ಅತ್ತೆ ಮೊದಲ ಬಾಣಂತನ ಮುಗಿಸಿಕೊಂಡು ಹನೂರಿನ ತವರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿ ಅದು. ಒಂದು ತೋಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಕಡ್ಡಿ ಅಂತ ಇವತ್ತಿಗೂ ಹೇಳ್ತಾರೆ. ನಾನು ಮದುವೆಯಾಗಿ ಬಂದಾಗ ಬೇಸಿಗೆಯಲ್ಲಿ ಮನೆ ತುಂಬ ಅದರದೇ ವಾಸನೆ. ಸೋಮವಾರ ಮಾದಪ್ಪನ ಫೋಟೋಗೆ, ಶುಕ್ರವಾರ ಲಕ್ಷ್ಮಿಗೆ, ಮಿಕ್ಕಿದ್ದು ನಮ್ಮ ಜಡೆಗೆ.

ಅದು ನಿಧಾನವಾಗಿ ಹೂ ಕಮ್ಮಿ ಮಾಡ್ತಾ ಬಂತು. ಒಂದು ವರ್ಷವಂತೂ ಇಡೀ ಬೇಸಿಗೆಗೆ ನಾಲ್ಕೇ ಮೊಳ ಆಗಿರಬಹುದು. ಅಷ್ಟರಲ್ಲಿ ಅತ್ತೆಯ ಕಣ್ಣೂ ಮಂಜಾಗಿತ್ತು. ಅವರಿಗೆ ಹಿತ್ತಲು ಕಾಣುತ್ತಿರಲಿಲ್ಲ, ಸಂಜೆ ಹೊತ್ತು ಮೂಗಿಗೆ ಬರೋ ವಾಸನೆಯಲ್ಲೇ ಬಳ್ಳಿ ಹೇಗಿದೆ ಅಂತ ತಿಳ್ಕೋತಿದ್ದರು. "ಬಳ್ಳಿ ಒಣಗೋಯ್ತಾ?" ಅಂತ ಕೇಳೋರು. "ಇಲ್ಲ ಅತ್ತೆ, ಮಾಳಿಗೆ ಮೇಲಕ್ಕೆ ಹಬ್ಬಿದೆ" ಅಂದ್ರೆ ನಂಬುತ್ತಲೇ ಇರಲಿಲ್ಲ!

ಹೂವಿನ ಅಕ್ಕ ಹೇಳಿದ್ದು

ನಮ್ಮ ಬೀದಿಗೆ ಹೂ ತರೋ ಅಕ್ಕನ ಊರು ಯಳಂದೂರಿನ ಕಡೆ. ಅವರಿಗೆ ಸ್ವಂತಕ್ಕೆ ಸ್ವಲ್ಪ ಮಲ್ಲಿಗೆ ತೋಟವೂ ಇದೆ. ಒಂದು ದಿನ ಹಿತ್ತಲಿಗೆ ಕರೆದುಕೊಂಡು ಹೋಗಿ ಬಳ್ಳಿ ತೋರಿಸಿದೆ. ಅವರು ಒಂದು ಕೊಂಬೆ ಹಿಡಿದು ನೋಡಿದರು, ನಕ್ಕರು.

"ಇದೇನವ್ವ, ಕತ್ತರೀನೇ ಮುಟ್ಟಿಸಿಲ್ವಲ್ಲ. ಮಾರ್ಗಶಿರ ಬರ್ಲಿ, ಕುಯ್ದುಬುಡು. ನಮ್ ತೋಟ್ದಲ್ಲಿ ಮೊಣಕಾಲುದ್ದಕ್ಕೆ ಕುಯ್ದಾಕ್ತೀವಿ ಕಣವ್ವ."

ಮೊಣಕಾಲುದ್ದ! ನನ್ನ ಎದೆ ಧಸಕ್ಕೆಂದಿತು. ಆದರೆ ಆಮೇಲೆ ವಿಚಾರಿಸಿದಾಗ ತೋಟಗಾರಿಕೆಯವರು ಹೇಳೋದೂ ಅದೇ. ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯಲ್ಲಿ ನೆಲದಿಂದ ಸುಮಾರು 50 ಸೆಂಟಿಮೀಟರ್ ಬಿಟ್ಟು ಸವರಬೇಕಂತೆ. ಅಂದರೆ ಹೆಚ್ಚೂ ಕಡಿಮೆ ನಮ್ಮ ಹೂವಿನ ಅಕ್ಕನ ಮೊಣಕಾಲೇ.

ಯಾಕೆ ಗೊತ್ತಾ? ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕೊಂಬೆ ಎಷ್ಟೇ ದಪ್ಪ ಇರಲಿ, ಅದರಿಂದ ಹೊಸ ಚಿಗುರು ಬರದಿದ್ದರೆ ಮೊಗ್ಗೂ ಇಲ್ಲ. ನಾವು ಪ್ರೀತಿಯಿಂದ ಬೆಳೆಯೋಕೆ ಬಿಟ್ಟಷ್ಟೂ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಉದ್ದಕ್ಕೆ, ಎಲೆಗೆ ಖರ್ಚು ಮಾಡಿಬಿಡುತ್ತೆ. ಒಳಗಿನ ಕೊಂಬೆಗಳಿಗೆ ಬಿಸಿಲೂ ಸಿಗಲ್ಲ. ಕತ್ತರಿಸಿದಾಗ ಒಂದು ಕಡ್ಡಿಯ ಜಾಗದಲ್ಲಿ ಎರಡು ಮೂರು ಚಿಗುರು ಒಡೆಯುತ್ತವೆ. ಪ್ರತಿ ಚಿಗುರಿನ ತುದಿಗೂ ಮೊಗ್ಗು!

ಇದನ್ನ ಅತ್ತೆಗೆ ಹೇಳೋದು ಹೇಗೆ? ಹೇಳಿದೆ. ಅವರ ಮುಖ ಕೆಂಪಾಯಿತು.

"ಬೆಳೆಯೋ ಬಳ್ಳಿಗೆ ಕತ್ತರಿ ಇಕ್ತೀಯಾ? ಹೂ ಬುಡದಿದ್ರೆ ಬ್ಯಾಡ. ಬಳ್ಳಿ ಇದ್ರೆ ಸಾಕು."

ಎರಡು ವಾರ ಹೀಗೇ ನಡೆಯಿತು. ಕೊನೆಗೆ ನನಗೆ ಹೊಳೆದದ್ದು ಹಿಪ್ಪುನೇರಳೆ. ನಮ್ಮ ಕೊಳ್ಳೇಗಾಲ ಅಂದ್ರೆ ರೇಷ್ಮೆ ಊರು ತಾನೇ? ಅತ್ತೆಯ ತವರಲ್ಲೂ ಹುಳು ಸಾಕುತ್ತಿದ್ದರು. "ಅತ್ತೆ, ನಿಮ್ಮ ಅಪ್ಪ ಹಿಪ್ಪುನೇರಳೆ ಗಿಡ ಬುಡಕ್ಕೆ ಕುಯ್ತಿರಲಿಲ್ವಾ? ಎರಡು ತಿಂಗಳಿಗೆ ಮತ್ತೆ ಎದೆಯುದ್ದ ಬರ್ತಿರಲಿಲ್ವಾ?" ಅಂದೆ. ಅವರು ಉತ್ತರ ಕೊಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ನಮ್ಮ ಮನೇಲಿ ಅದನ್ನೇ ಒಪ್ಪಿಗೆ ಅಂತ ತಿಳ್ಕೋಬೇಕು!

ನಮ್ಮ ಸೀಮೆಯ ಲೆಕ್ಕವೇ ಬೇರೆ

ಪುಸ್ತಕದಲ್ಲಿ ನವೆಂಬರ್ ಕೊನೆ ಅಂತಿದ್ದರೂ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ಸ್ವಲ್ಪ ತಡೀರಿ. ಮದ್ರಾಸಿನ ಕಡೆ ಸಮುದ್ರದಲ್ಲಿ ಸೈಕ್ಲೋನ್ ಎದ್ದರೆ ಇಲ್ಲಿ ಮೂರು ದಿನ ಜಿಟಿಜಿಟಿ ಮಳೆ. ಕಾರ್ತಿಕ ದೀಪ ಹಚ್ಚೋಕೂ ಬಿಡದ ಹಾಗೆ ಹನಿಯೋದು ನಿಮಗೇ ಗೊತ್ತು. ಕತ್ತರಿಸಿದ ಹಸಿ ಗಾಯದ ಮೇಲೆ ಹೀಗೆ ನೀರು ಕೂತರೆ ಕಡ್ಡಿ ತುದಿಯಿಂದ ಕಪ್ಪಾಗಿ ಒಣಗುತ್ತಾ ಬರುತ್ತೆ. ಅದಕ್ಕೇ ನಾನು ಧನುರ್ಮಾಸ ಶುರುವಾಗೋವರೆಗೆ, ಅಂದರೆ ಡಿಸೆಂಬರ್ ಮಧ್ಯದವರೆಗೆ ಕಾಯ್ತೀನಿ. ಒಂದು ವಾರ ಬಿಸಿಲು ಗಟ್ಟಿಯಾಗಿ ಬಿದ್ದ ಮೇಲೆ ಕತ್ತರಿ ಹಿಡೀತೀನಿ. ಜನವರಿ ದಾಟಿಸಬೇಡಿ. ಆಮೇಲೆ ಕತ್ತರಿಸಿದರೆ ಬೇಸಿಗೆ ಹೂ ಅಷ್ಟೂ ಹಿಂದಕ್ಕೆ ಹೋಗುತ್ತೆ.

ಕತ್ತರಿಸೋ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಿ. "ಪಾಪ, ಬಾಡ್ತಾ ಇದೆ" ಅಂತ ಕದ್ದು ಒಂದು ಚೊಂಬು ಹಾಕೋದು ಬೇಡ (ನಮ್ಮ ಮನೇಲಿ ಯಾರು ಹಾಗೆ ಹಾಕ್ತಿದ್ದರು ಅಂತ ಹೇಳಲ್ಲ!). ಬಳ್ಳಿ ಸ್ವಲ್ಪ ಸೊರಗಿ, ಎಲೆ ಹಳದಿಯಾಗಿ ಉದುರಲಿ. ಅದೇ ಅದರ ವಿಶ್ರಾಂತಿ. ಕುಂಡದ ಗಿಡ ಬೇಗ ಒಣಗುತ್ತೆ, ಅದಕ್ಕೆ ನಾಲ್ಕೈದು ದಿನ ನಿಲ್ಲಿಸಿದರೆ ಸಾಕು.

ಅಡುಗೆಮನೆ ಕತ್ತರಿ, ಈಳಿಗೆಮಣೆ, ಮಚ್ಚು ಯಾವುದೂ ಬೇಡ. ಅವು ಕಡ್ಡಿಯನ್ನು ಜಜ್ಜಿ ಸೀಳಿಬಿಡುತ್ತವೆ. ಗಿಡ ಸವರೋ ಕತ್ತರಿ ಅಂತಲೇ ನರ್ಸರಿಗಳಲ್ಲಿ ಸಿಗುತ್ತೆ, ಒಂದು ಕೊಂಡಿಡಿ. ಬಾಯಿಗೆ ಸ್ಪಿರಿಟ್ ಅಥವಾ ಡೆಟ್ಟಾಲ್ ಒರೆಸಿಕೊಳ್ಳಿ. ಮೊದಲು ಒಣಗಿದ ಕಡ್ಡಿ, ರೋಗದ ಕಡ್ಡಿ, ಒಂದಕ್ಕೊಂದು ಉಜ್ಜಾಡೋ ಕಡ್ಡಿಗಳನ್ನು ತೆಗೆಯಿರಿ. ಇಷ್ಟು ತೆಗೆದರೇ ಅರ್ಧ ಬಳ್ಳಿ ಖಾಲಿಯಾಗುತ್ತೆ. ಆಮೇಲೆ ಉಳಿದವನ್ನು ಗಿಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಗಿಣ್ಣು ಹೊರಮುಖವಾಗಿದ್ದರೆ ಚಿಗುರೂ ಹೊರಗೇ ಹೋಗಿ ಬಿಸಿಲು ಕಾಣುತ್ತೆ.

ಇಲ್ಲೊಂದು ಎಚ್ಚರಿಕೆ. ಹೂವಿನ ಅಕ್ಕನ ತೋಟದ ಗಿಡಗಳು ಪ್ರತಿ ವರ್ಷ ಕತ್ತರಿ ಕಂಡವು. ನಮ್ಮ ನಿಮ್ಮ ಹಿತ್ತಲ ಮುದಿ ಬಳ್ಳಿಯನ್ನು ಒಂದೇ ಸಲಕ್ಕೆ ಮೊಣಕಾಲುದ್ದ ಮಾಡೋಕೆ ನನಗಂತೂ ಧೈರ್ಯ ಇರಲಿಲ್ಲ, ನಿಮಗೂ ಬೇಡ. ಬುಡದಿಂದ ಆರು ಕಾಂಡ ಬಂದಿದ್ದರೆ ಮೊದಲ ವರ್ಷ ಹಳೆಯ ಎರಡನ್ನು ತಗ್ಗಿಗೆ ಕತ್ತರಿಸಿ. ಉಳಿದವುಗಳ ತುದಿಯನ್ನು ಮೂರನೇ ಒಂದು ಭಾಗ ಸವರಿ ಸಾಕು. ಮುಂದಿನ ವರ್ಷ ಇನ್ನೆರಡು. ಮೂರು ವರ್ಷಕ್ಕೆ ಇಡೀ ಬಳ್ಳಿ ಹೊಸದಾಗಿರುತ್ತೆ, ಬೇರು ಮಾತ್ರ ಅದೇ ಹಳೇದು. ಹೆಬ್ಬೆರಳು ಗಾತ್ರದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿ. ಉಳಿದ ಎಲೆಗಳನ್ನು ಕೈಯಲ್ಲೇ ಕಿತ್ತು ತೆಗೆಯಿರಿ.

ಆ ದಿನ ಅತ್ತೆ ಹಿತ್ತಲಿಗೆ ಬರಲಿಲ್ಲ. ಕತ್ತರಿಯ ಕಚ ಕಚ ಸದ್ದು ಒಳಗೆ ಕೇಳುತ್ತಿತ್ತಲ್ಲ, ರೇಡಿಯೋ ಜೋರು ಮಾಡಿಕೊಂಡು ಕೂತಿದ್ದರು. ಸಂಜೆ ಗೋಡೆ ಹಿಡಿದು ಬಂದು ತಡಕಾಡಿದರು. ಮೊದಲು ಎಲೆ ತಗಲುತ್ತಿದ್ದ ಜಾಗದಲ್ಲಿ ಬರೀ ಬೋಳು ಕಡ್ಡಿ. ಏನೂ ಅನ್ನದೆ ಒಳಗೆ ಹೋದರು. ರಾತ್ರಿ ಊಟಕ್ಕೂ ಮಾತಿಲ್ಲ. ನಿಜ ಹೇಳ್ತೀನಿ, ನಾನೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ಅವರ ತವರಿನ ಬಳ್ಳಿ ನನ್ನ ಕೈಯಿಂದ ಸತ್ತರೆ?

ಗೊಬ್ಬರ, ನೀರು, ಆಮೇಲೆ ಕಾಯೋದು

ಮಾರನೇ ದಿನ ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಮಣ್ಣು ಕೆದಕಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಒಂದು ಮಂಕರಿ ಹಾಕಿದೆ. ನೆಲದಲ್ಲಿರೋ ದೊಡ್ಡ ಬಳ್ಳಿಗೆ ಹತ್ತು ಕೆಜಿವರೆಗೂ ಹಾಕಬಹುದು. ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಹೊಂಗೆ ಹಿಂಡಿ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ, ರೇಷ್ಮೆ ಹುಳದ ಹಿಕ್ಕೆ! ಹುಳು ಸಾಕೋರ ಮನೆಯಲ್ಲಿ ತಿಪ್ಪೆಗೆ ಹೋಗುತ್ತೆ. ಕೇಳಿ ತಂದು, ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಿ ಹಾಕಿ. ಹಸಿಯಾಗಿ ಹಾಕಿದರೆ ಬೇರು ಸುಡುತ್ತೆ. ಯೂರಿಯಾ ಮಾತ್ರ ಬೇಡ. ಅದು ಎಲೆಗೆ ಹಬ್ಬ, ಹೂವಿಗೆ ಉಪವಾಸ.

ಗೊಬ್ಬರ ಹಾಕಿದ ದಿನ ನೆಲ ನೆನೆಯೋ ಹಾಗೆ ನೀರು ಕೊಡಿ. ಆಮೇಲೆ ಮಣ್ಣಿನ ಮೇಲ್ಪದರ ಒಣಗಿದಾಗಲೆಲ್ಲ ಕೊಟ್ಟರಾಯಿತು. ಮೊಗ್ಗು ಕಂಡ ಮೇಲೆ ಮಾತ್ರ ನೀರು ತಪ್ಪಿಸಬಾರದು, ಮೊಗ್ಗು ಚಿಕ್ಕದಾಗಿಬಿಡುತ್ತೆ.

ಎರಡು ವಾರ ಏನೂ ಇಲ್ಲ. ಮೂರನೇ ವಾರ, ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಿಕೊಳ್ಳುತ್ತಿದ್ದ ಹೊತ್ತಿಗೆ, ಗಿಣ್ಣುಗಳಲ್ಲಿ ಕೆಂಪು ಮಿಶ್ರಿತ ಹಸಿರು ಚುಕ್ಕೆ. ಅತ್ತೆಯ ಕೈ ಹಿಡಿದು ಕರ್ಕೊಂಡು ಹೋಗಿ ಬೆರಳಿಗೆ ಮುಟ್ಟಿಸಿದೆ. ಒಂದೊಂದೇ ಗಿಣ್ಣು ಸವರಿ ಎಣಿಸುತ್ತಾ ನಿಂತರು. ಫೆಬ್ರವರಿ ಕೊನೆಗೆ ಮೊಗ್ಗು ಬಂತು. ಯುಗಾದಿ ಹೊತ್ತಿಗೆ ಬೆಳಗಾಗೆದ್ದು ಒಂದು ಸೇರಿನ ಪಾವು ತುಂಬ ಕೀಳುತ್ತಿದ್ದೆ. (ಬಿಸಿಲೇರೋ ಮುಂಚೆ ಕಿತ್ತರೆ ಸಂಜೆ ಮುಡಿಯಲ್ಲೇ ಅರಳುತ್ತೆ.) ಅತ್ತೆ ಹೊಗಳುತ್ತಾರೆ ಅಂತ ಕಾದೆ. ಅವರು ಮಾಲೆ ಕಟ್ಟುತ್ತಾ ಅಂದದ್ದು ಇಷ್ಟೇ: "ಇನ್ನೂ ವಸಿ ಕುಯ್ಬೋದಿತ್ತು."

ಎಲ್ಲ ಬಳ್ಳಿಗೂ ಒಂದೇ ಮದ್ದಲ್ಲ

ಗೆದ್ದ ಹುಮ್ಮಸ್ಸು ಕೆಟ್ಟದ್ದು ನೋಡಿ. ಮುಂದಿನ ಡಿಸೆಂಬರಿನಲ್ಲಿ ಮಲ್ಲಿಗೆ ಜೊತೆ ಕಾಂಪೌಂಡ್ ಮೇಲಿದ್ದ ಕಿತ್ತಳೆ ಬಣ್ಣದ ಹೂ ಬಳ್ಳಿಯನ್ನೂ ಬೋಳಿಸಿಬಿಟ್ಟೆ. ನರ್ಸರಿಯವರು ಫ್ಲೇಮ್ ವೈನ್ ಅಂತಾರಲ್ಲ, ಚಳಿಗಾಲ ಕಳೆಯುವಾಗ ಗೋಡೆಗೆ ಬೆಂಕಿ ಬಿದ್ದ ಹಾಗೆ ಗೊಂಚಲು ಗೊಂಚಲಾಗಿ ಹೂ ಬಿಡೋದು, ಅದೇ. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಚಿಗುರೇನೋ ಬಂತು, ಒಂದು ಹೂ ಇಲ್ಲ!

ಇಂಗ್ಲೆಂಡಿನಲ್ಲಿರೋ ನನ್ನ ತಂಗಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳ ಮನೆಯ ಬೇಲಿಗೆ ಕ್ಲೆಮ್ಯಾಟಿಸ್ ಅನ್ನೋ ಬಳ್ಳಿ ಹಬ್ಬಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಅದು ಹಳೇ ಕಡ್ಡಿಯಲ್ಲಿ ಹೂ ಬಿಡುತ್ತಾ, ಹೊಸ ಚಿಗುರಲ್ಲಾ?"

ಅಲ್ಲಿಯ ಗೃಹಿಣಿಯರಿಗೆ ಇದು ಬಾಯಿಪಾಠವಂತೆ. ಕ್ಲೆಮ್ಯಾಟಿಸ್ ಬಳ್ಳಿಗಳನ್ನು ಸವರೋ ಲೆಕ್ಕದಲ್ಲೇ ಅವರು ಮೂರು ಗುಂಪು ಮಾಡಿದ್ದಾರೆ. ವಸಂತದಲ್ಲಿ ಹೂ ಬಿಡೋವು ಒಂದನೇ ಗುಂಪು. ಅವು ಹಿಂದಿನ ವರ್ಷ ಬೆಳೆದು ಬಲಿತ ಕಡ್ಡಿಯಲ್ಲೇ ಹೂ ಬಿಡುತ್ತವೆ. ಅವನ್ನು ಚಳಿಗಾಲದಲ್ಲಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಹೂ ಮುಗಿದ ಕೂಡಲೇ ಸವರಬೇಕು, ಆಗ ಮುಂದಿನ ವರ್ಷಕ್ಕೆ ಬೇಕಾದ ಕಡ್ಡಿ ಬೆಳೆಯೋಕೆ ಸಮಯ ಸಿಗುತ್ತೆ. ಬೇಸಿಗೆ ಕೊನೆಗೆ ಹೂ ಬಿಡೋವು ಮೂರನೇ ಗುಂಪು. ಅವು ನಮ್ಮ ಮಲ್ಲಿಗೆ ಥರ ಹೊಸ ಚಿಗುರಿನವು, ಚಳಿ ಮುಗಿಯೋ ಫೆಬ್ರವರಿ, ಮಾರ್ಚ್‌ನಲ್ಲಿ ತಗ್ಗಿಗೆ ಕತ್ತರಿಸುತ್ತಾರೆ. ನಡುವಿನ ಗುಂಪಿಗೆ ಬರೀ ತುದಿ ಸವರೋದು. ತಂಗಿ ಮನೆಯದು ಮೊಂಟಾನಾ ಅನ್ನೋ ವಸಂತದ ಜಾತಿ, ಮೇ ತಿಂಗಳಲ್ಲಿ ಬೇಲಿಯೇ ಕಾಣದ ಹಾಗೆ ಹೂವು. ತಮಾಷೆ ಏನೆಂದರೆ ಅದರ ತವರು ನಮ್ಮ ಹಿಮಾಲಯ!

"ನಂಗೂ ಒಂದು ಕಡ್ಡಿ ತಾರೇ" ಅಂತ ಆಸೆಪಡಬೇಡಿ. ನಮ್ಮ ಬಯಲಿನ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರಲ್ಲ. ಕ್ಲೆಮ್ಯಾಟಿಸ್ ಕುಲದ ಕಾಡುಬಳ್ಳಿಗಳು ಕರ್ನಾಟಕದ ಘಟ್ಟಗಳಲ್ಲೂ ಇವೆ. ಕೆನೆಬಿಳಿ ಸಣ್ಣ ಹೂ, ಆಮೇಲೆ ರೇಷ್ಮೆ ಎಳೆಯಂಥ ಬಾಲವಿರೋ ಬೀಜ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ಅಂಥದ್ದೇನಾದರೂ ಕಂಡರೆ ನೋಡಿ ಖುಷಿಪಡಿ, ಕೈ ಹಾಕಬೇಡಿ. ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಒಂದು ಕಡ್ಡಿ ಕಿತ್ತರೂ ತಪ್ಪೇ.

ನಮ್ಮ ಫ್ಲೇಮ್ ವೈನ್ ಕೂಡ ಆ ಒಂದನೇ ಗುಂಪಿನ ಸ್ವಭಾವದ್ದು. ಮಳೆಗಾಲದಲ್ಲಿ ಬೆಳೆದ ಕಡ್ಡಿ ಬಲಿತು ಚಳಿಗಾಲದ ಕೊನೆಗೆ ಹೂ. ಅದನ್ನು ಹೂ ಉದುರಿದ ಮೇಲೆ, ಮಾರ್ಚ್‌ನಲ್ಲಿ ಕತ್ತರಿಸಬೇಕಿತ್ತು. ಒರಟು ಎಲೆಯ, ನೀಲಿ ನೇರಳೆ ಗೊಂಚಲಿನ ಪೆಟ್ರಿಯಾ ಬಳ್ಳಿ ನಿಮ್ಮ ಮನೇಲಿದ್ದರೆ ಅದಕ್ಕೂ ಇದೇ ಕ್ರಮ.

ಮಲ್ಲಿಗೆ ಬಳಗದಲ್ಲೂ ಎಲ್ಲದಕ್ಕೂ ಒಂದೇ ದಿನವಲ್ಲ. ಜಾಜಿಗೆ ಡಿಸೆಂಬರ್ ಕೊನೆ, ಸೂಜಿಮಲ್ಲಿಗೆಗೆ ಜನವರಿ ಕೊನೆ. ಕಾಕಡ ಚಳಿಗಾಲದಲ್ಲೇ ಹೂ ಕೊಡೋದರಿಂದ ಆಗ ಅದರ ತಂಟೆಗೆ ಹೋಗಬೇಡಿ, ಹೂ ಮುಗಿಯಲಿ. ರಂಗೂನ್ ಮಲ್ಲಿಗೆ, ಕಾಗದದ ಹೂವಿನ ಬಳ್ಳಿ ಇವೆಲ್ಲ ಹೊಸ ಚಿಗುರಿನಲ್ಲಿ ಹೂ ಬಿಡೋವು, ಹೂ ಕಮ್ಮಿಯಾದಾಗ ಧಾರಾಳವಾಗಿ ಸವರಿ. ಹೆಸರು ಗೊತ್ತಿಲ್ಲದ ಬಳ್ಳಿಯಾದರೆ? ಒಂದು ವರ್ಷ ಸುಮ್ಮನೆ ನೋಡಿ. ಹೂ ಬಿಟ್ಟಾಗ ಆ ಕಡ್ಡಿ ಎಳೆ ಹಸಿರೋ, ಬಲಿತ ಕಂದೋ ಅಂತ ಗಮನಿಸಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೀತೀವಲ್ಲ, ಅದರ ಪಕ್ಕದಲ್ಲೇ.

ಕತ್ತರಿಸಿಯೂ ಹೂ ಬರಲಿಲ್ಲ ಅಂದರೆ ಮೊದಲು ಬಿಸಿಲು ನೋಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಮಲ್ಲಿಗೆ ಬರೀ ಎಲೆ ಬಿಡುತ್ತೆ. ಪಕ್ಕದವರು ಎರಡನೇ ಮಹಡಿ ಕಟ್ಟಿದ ಮೇಲೆ ಹೂ ನಿಂತ ಬಳ್ಳಿಗಳು ಎಷ್ಟಿಲ್ಲ! ಬೋರ್‌ವೆಲ್ ಗಡಸು ನೀರಿನಿಂದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ತೂತಾಗಿದ್ದರೆ ಒಳಗೆ ಹುಳು ಇದೆ. ಅಂಥವನ್ನು ಕಿತ್ತು ದೂರ ಎಸೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ದೇವರಿಗೆ, ಮುಡಿಗೆ ಹೋಗೋ ಹೂ, ಅದಕ್ಕಿಂತ ಘಾಟಿನ ಔಷಧಿ ನನಗೆ ಇಷ್ಟವಿಲ್ಲ.

ಇನ್ನೊಂದು ಮಾತು. ಹಳೇ ಬಳ್ಳಿಗೆ ಕತ್ತರಿ ಹಾಕೋ ಮುಂಚೆ ಅದರ ಒಂದು ಮರಿ ಮಾಡಿಟ್ಟುಕೊಳ್ಳಿ, ಜೀವಕ್ಕೆ ಸಮಾಧಾನ ಇರುತ್ತೆ. ನಾನು ಮಾಡಿರಲಿಲ್ಲ, ಅದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ. ಮಳೆಗಾಲದಲ್ಲಿ ನೆಲದ ಹತ್ತಿರದ ಒಂದು ಕಡ್ಡಿ ಬಾಗಿಸಿ, ಗಿಣ್ಣಿನ ಕೆಳಗೆ ಸ್ವಲ್ಪ ತೊಗಟೆ ಕೆರೆದು, ಮಣ್ಣಲ್ಲಿ ಹೂತು ಮೇಲೊಂದು ಕಲ್ಲು ಇಡಿ. ಎರಡು ಮೂರು ತಿಂಗಳಿಗೆ ಬೇರು ಬಿಡುತ್ತೆ. ತಾಯಿಬಳ್ಳಿಯಿಂದ ಕತ್ತರಿಸಿ ಕುಂಡಕ್ಕೆ ಹಾಕಿ.

ಹಾಗೆ ಮಾಡಿದ ಒಂದು ಮರಿ ಕಳೆದ ಮಳೆಗಾಲದಲ್ಲಿ ಹನೂರಿಗೆ ಹೋಯಿತು. ಅತ್ತೆ ಕಡ್ಡಿ ಮುರಿದು ತಂದಿದ್ದ ಆ ಮೂಲ ಬಳ್ಳಿ ಮನೆ ರಿಪೇರಿ ಮಾಡುವಾಗ ಎಂದೋ ಹೋಗಿತ್ತಂತೆ. ಅವರ ತಮ್ಮ ಬಾವಿಕಟ್ಟೆ ಹತ್ತಿರ ನೆಟ್ಟಿದ್ದಾರೆ. ಮೊದಲ ವರ್ಷ ಸವರಬೇಡಿ, ತುದಿ ಚಿವುಟಿದರೆ ಸಾಕು, ಎರಡನೇ ಡಿಸೆಂಬರಿನಿಂದ ಕತ್ತರಿ ಹಾಕಬಹುದು ಅಂತ ನಾನು ಹೇಳಿ ಕಳಿಸಿದ್ದೆ. ಮೊನ್ನೆ ಅತ್ತೆ ಫೋನಿನಲ್ಲಿ ತಮ್ಮನಿಗೆ ಜೋರು ಮಾಡ್ತಿದ್ದರು: "ಕುಯ್ಯಕ್ಕೆ ನಾನೂ ನನ್ ಸೊಸೇನೂ ಬತ್ತೀವಿ. ಅಲ್ಲೀಗಂಟ ನೀ ಮುಟ್ಬ್ಯಾಡ."